ಪೊದೆಯ ಬುಡದಲ್ಲಿ ಬೀಜದ ಕಣಜ



ಹಾಳುಬಿದ್ದ ನೆಲಕ್ಕೆ ಬೇಲಿ ಹಾಕಿ ದನಕರುಗಳನ್ನು ದೂರವಿಟ್ಟರೆ ಹಸಿರು ತಾನಾಗಿಯೇ ಮರಳುವುದೆಂಬುದು ಮಲೆನಾಡಿಗರ ನಂಬಿಕೆ. ಮಳೆ ಸಮೃದ್ಧವಾಗಿರುವ ಕಡೆ ಅದು ಬಹುಮಟ್ಟಿಗೆ ನಿಜವೂ ಹೌದು. ಏಕೆಂದರೆ ಅಂಥ ಮಣ್ಣಿನಲ್ಲಿ ಮೊಳೆಯಲು ಕಾದಿರುವ ಬೀಜಗಳು ಇನ್ನೂ ಉಳಿದಿರುತ್ತವೆ. ಸಸ್ಯವಿಜ್ಞಾನಿಗಳು ಇದನ್ನು ಮಣ್ಣಿನ ಬೀಜಭಂಡಾರವೆನ್ನುತ್ತಾರೆ. ರೈತರ ಮಾತಿನಲ್ಲಿ ಹೇಳುವುದಾದರೆ, ಅದು ನೆಲದೊಳಗಿನ ಕಣಜ. ಕಣಜವೇ ಬರಿದಾದ ನೆಲದಲ್ಲಿ ಬೇಲಿಯೊಂದರಿಂದ ಏನಾದೀತು?

ಮರುಭೂಮಿಯಾಗುತ್ತಿರುವ ನೆಲದ ಸ್ಥಿತಿ ಇದೇ. ಬೀಜಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನ ಕೆಲವೇ ಸೆಂಟಿಮೀಟರುಗಳಲ್ಲಿರುತ್ತವೆ. ಗಾಳಿ ಮೇಲ್ಮಣ್ಣನ್ನು ಹೊತ್ತೊಯ್ದಾಗ ಬೀಜಗಳೂ ಹೋಗುತ್ತವೆ. ಉಳಿದವುಗಳ ಮೇಲೆ ಮರಳು ಬಿದ್ದು, ಮೊಳಕೆ ಮೇಲೇಳಲಾಗದಷ್ಟು ಆಳದಲ್ಲಿ ಹೂತುಹೋಗುತ್ತವೆ.

ಇಂಥ ನೆಲದಲ್ಲಿ ಪೊದೆಗಳು ಮಾಡಿದ ಕೆಲಸಕ್ಕೆ ಒಳ್ಳೆಯ ನಿದರ್ಶನ ಚೀನಾದ ನಿಂಗ್ಶಿಯಾ ಪ್ರಾಂತದ ಶಾಪೋತೋ. ಟೆಂಗರ್ ಮರುಭೂಮಿಯ ಆಗ್ನೇಯ ಅಂಚಿನಲ್ಲಿರುವ ಈ ಸ್ಥಳದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿಲಿಮೀಟರ್. ನಮ್ಮ ಆಷಾಢದಲ್ಲಿ ಒಂದೆರಡು ದಿನಗಳಿಗೆ ಅಷ್ಟು ಸಾಕು! 1958ರಲ್ಲಿ ಸಂಚಾರ ಆರಂಭಿಸಿದ ಬಾವೊತೋ-ಲಾಂಜೋ ರೈಲುಮಾರ್ಗ ಇಲ್ಲಿಯ ಚಲಿಸುವ ಮರಳುದಿಬ್ಬಗಳನ್ನು ಹಾದುಹೋಗುತ್ತದೆ. ಹಳಿಗಳು ಮರಳಿನಡಿ ಹೂತುಹೋಗದಂತೆ 1956ರಿಂದಲೇ ಕೆಲಸ ಆರಂಭವಾಯಿತು. ಗೋಧಿ ಮತ್ತು ಭತ್ತದ ಹುಲ್ಲನ್ನು ಮರಳಿನಲ್ಲಿ ಚುಚ್ಚಿ, ಮೀಟರಿಗೊಂದರಂತೆ ಚದುರಂಗದ ಮನೆಗಳನ್ನು ಕಟ್ಟಲಾಯಿತು. ಹುಲ್ಲು ನಾಲ್ಕೈದು ವರ್ಷಗಳಲ್ಲಿ ಕೊಳೆತುಹೋಗುವಂಥದು. ಅಷ್ಟರೊಳಗೆ ಬೇರೂರಲೆಂದು ಆ ಮನೆಗಳಲ್ಲಿ ಪೊದೆಗಳನ್ನು ನೆಟ್ಟರು: ದ್ವಿದಳ ಕುಲದ ಕ್ಯಾರಗಾನ ಮತ್ತು ಹೆಡಿಸಾರಮ್, ನಮ್ಮ ದವನದ ಬಳಗಕ್ಕೆ ಸೇರಿದ ಆರ್ಟಿಮೀಸಿಯಾ. ನೀರಾವರಿಯಿಲ್ಲ, ಅಂತರ್ಜಲವಂತೂ ಬೇರಿಗೆ ಎಟುಕುವ ಮಾತೇ ಅಲ್ಲ.

ರೈಲುಹಳಿ ಉಳಿಯಿತು. ಆದರೆ ಕೃಷಿಕರು ಗಮನಿಸಬೇಕಾದುದು ಪೊದೆಯ ಬುಡದಲ್ಲಿ ನಡೆದ ಸಂಗತಿಯನ್ನು. ಪೊದೆಗೆ ತಾಗಿದ ಗಾಳಿ ವೇಗ ಕಳೆದುಕೊಂಡು ತಾನು ಹೊತ್ತು ತಂದುದನ್ನು ಅಲ್ಲಿಯೇ ಕೆಡವುತ್ತದೆ: ನುಣ್ಣನೆಯ ಧೂಳು, ತರಗೆಲೆ, ಅವುಗಳ ಜೊತೆಯಲ್ಲಿ ಹುಲ್ಲಿನ, ಕಳೆಯ ಬೀಜಗಳು. ಧೂಳು ತೇವವನ್ನು ಹಿಡಿದಿಡುತ್ತದೆ. ತರಗೆಲೆ ಕೊಳೆತು ಗೊಬ್ಬರವಾಗುತ್ತದೆ. ಕ್ಯಾರಗಾನದ ಬೇರುಗಂಟುಗಳು ಸಾರಜನಕವನ್ನು ಕೂಡಿಸುತ್ತವೆ. ನೆರಳಿನಲ್ಲಿ ಎಳೆಯ ಸಸಿ ಸುಟ್ಟುಹೋಗುವುದಿಲ್ಲ. ಹೀಗಾಗಿ ಒಣನೆಲಗಳಲ್ಲಿ ಪೊದೆಗಳ ನಡುವಿನ ಬಯಲಿಗಿಂತ ಪೊದೆಯಡಿಯ ಮಣ್ಣಿನಲ್ಲಿ ಸಾಮಾನ್ಯವಾಗಿ ಹೆಚ್ಚು ಬೀಜಗಳು ದೊರೆಯುತ್ತವೆ. ಆರ್ಟಿಮೀಸಿಯಾದ ಬೀಜಕ್ಕಂತೂ ಇನ್ನೊಂದು ಉಪಾಯ ಗೊತ್ತು. ನೀರಿನಲ್ಲಿ ನೆನೆಸಿದ ಕಾಮಕಸ್ತೂರಿ ಬೀಜದಂತೆ ಅದೂ ಹನಿ ತಾಗಿದೊಡನೆ ಲೋಳೆ ಸುತ್ತಿಕೊಂಡು ಮರಳಿಗೆ ಅಂಟಿಕೊಳ್ಳುತ್ತದೆ; ಮತ್ತೆ ಗಾಳಿಯ ಪಾಲಾಗುವುದು ಸುಲಭವಲ್ಲ.

ಪೊದೆ ಬೀಜವನ್ನು ಹಿಡಿಯಬಲ್ಲದೇ ಹೊರತು ಇಲ್ಲದ ಬೀಜವನ್ನು ಸೃಷ್ಟಿಸಲಾರದು. ಸುತ್ತಮುತ್ತ ಹುಲ್ಲುಗಾವಲಿನ ತುಣುಕುಗಳಾದರೂ ಉಳಿದಿರಬೇಕು. ಅವನ್ನೂ ಉತ್ತು, ಅಗೆದು ಮುಗಿಸಿದ ಮೇಲೆ ಸಸಿ ನೆಡುವ ಉತ್ಸವ ನಡೆಸಿದರೆ ಫಲವೇನು?

ಶಾಪೋತೋದ ಕಥೆ ಪೊದೆಗಳ ಗೆಲುವಿನಲ್ಲಿಯೇ ನಿಲ್ಲುವುದಿಲ್ಲ. ದಶಕಗಳು ಕಳೆದಂತೆ ಮರಳಿನ ಮೇಲೆ ಪಾಚಿ, ಹಾವಸೆ, ಕಲ್ಲುಹೂಗಳ ತೆಳುವಾದ ಹೊದಿಕೆ ಬೆಳೆಯಿತು. ಈ ಹೊದಿಕೆ ಬೀಳುವ ಅಲ್ಪ ಮಳೆಯನ್ನು ಮೇಲ್ಪದರದಲ್ಲಿಯೇ ತಡೆದಿಡುತ್ತದೆ. ಅದು ಮೇಲುಬೇರಿನ ಹುಲ್ಲು-ಗಿಡಗಳಿಗೆ ಅನುಕೂಲ, ಆಳಕ್ಕೆ ಬೇರಿಳಿಸಿದ ಪೊದೆಗಳಿಗೆ ಬರ. ಜೊತೆಗೆ ಪೊದೆಗಳೇ ಆಳದ ತೇವವನ್ನು ಹೀರಿ ಮುಗಿಸಿದ್ದವು. ನೆಟ್ಟ ಪೊದೆಗಳು ವಿರಳವಾದವು, ವರ್ಷಾವಧಿ ಸಸ್ಯಗಳು ಹಬ್ಬಿದವು. ಸಸಿಗಳ ಲೆಕ್ಕವನ್ನಷ್ಟೇ ಇಡುವ ಅಧಿಕಾರಿಗೆ ಇದು ಸೋಲೆಂದು ಕಂಡೀತು. ಮಣ್ಣನ್ನು ನೋಡಬಲ್ಲವರಿಗೆ ಹಾಗೆ ಕಾಣುವುದಿಲ್ಲ. ಮಳೆ ಸಾಕುವಷ್ಟು ಪೊದೆಗಳು ಮಾತ್ರ ನಿಲ್ಲುತ್ತವೆ. ಒತ್ತೊತ್ತಾಗಿ ನೆಟ್ಟಿದ್ದೇ ಅಲ್ಲಿ ಅತಿಯಾಗಿತ್ತು.

ಎಲ್ಲ ಪೊದೆಗಳೂ ಉಪಕಾರಿಗಳಲ್ಲವೆಂಬುದನ್ನು ಮಲೆನಾಡಿಗರಿಗೆ ವಿವರಿಸಬೇಕಿಲ್ಲ, ಲಂಟಾನ ಕಣ್ಣೆದುರಿಗಿದೆ. ಅದರ ಹಣ್ಣನ್ನು ಹಕ್ಕಿಗಳು ತಿಂದು ಬೀಜ ಹರಡುತ್ತವೆ. ಮೇಲಿನ ಗಿಡ ಕಡಿದರೂ ನೆಲದಲ್ಲಿ ಉಳಿದ ಬೀಜ ಮತ್ತೆ ಮೊಳೆಯುತ್ತದೆ. ಅದರ ದಟ್ಟ ನೆರಳಿನಲ್ಲಿ ಕಾಡುಮರಗಳ ಸಸಿಗಳು ಏಳುವುದು ಕಷ್ಟ. ಆದ್ದರಿಂದ ಯಾವುದೇ ಪೊದೆಯ ಬಗ್ಗೆ ಕೇಳಬೇಕಾದ ಪ್ರಶ್ನೆ, ಅದರ ಬುಡದಲ್ಲಿ ಯಾರ ಬೀಜವಿದೆ ಎಂಬುದು.

ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಶಾಲೆಯ ಜಗಲಿ ಸಾಕು. ಮಳೆಗಾಲಕ್ಕೆ ಮುನ್ನ ಪೊದೆಯಡಿಯಿಂದ ಒಂದಿಷ್ಟು, ಪಕ್ಕದ ಬಯಲಿನಿಂದ ಅಷ್ಟೇ ಮಣ್ಣನ್ನು ಐದು ಸೆಂಟಿಮೀಟರ್ ಆಳದವರೆಗೆ ತೆಗೆದು, ಬೇರೆಬೇರೆ ತಟ್ಟೆಗಳಲ್ಲಿ ಹುರಿದ ಮರಳಿನ ಮೇಲೆ ತೆಳ್ಳಗೆ ಹರಡಬೇಕು. ಹುರಿದ ಮರಳನ್ನಷ್ಟೇ ತುಂಬಿದ ಇನ್ನೊಂದು ತಟ್ಟೆಯೂ ಜೊತೆಗಿರಲಿ. ಗಾಳಿಯಲ್ಲಿ ಬಂದು ಬೀಳುವ ಬೀಜಗಳ ಲೆಕ್ಕ ಅದರಿಂದ ಸಿಗುತ್ತದೆ. ದಿನವೂ ನೀರು ಚಿಮುಕಿಸಿ, ಮೊಳೆತ ಸಸಿಗಳನ್ನು ಗುರುತಿಸಿ, ಎಣಿಸಿ, ಕಿತ್ತು ಬರೆದಿಡಬೇಕು. ಹೊಸ ಮೊಳಕೆ ನಿಂತ ಮೇಲೆ ಮಣ್ಣನ್ನು ಒಮ್ಮೆ ಕೆದಕಿ ಇನ್ನೂ ಕೆಲವು ವಾರ ಕಾಯುವುದು ಒಳ್ಳೆಯದು. ಗಟ್ಟಿ ಸಿಪ್ಪೆಯ ಬೀಜಗಳು ತಡವಾಗಿ ಏಳುತ್ತವೆ.