ದುಡಿದವರಿಗೆಲ್ಲ ಮತವಿದೆಯೇ?



ಕುಂದಾಪುರದ ಹತ್ತಿರ, ವಾರಾಹಿ ದಂಡೆಯ ನಮ್ಮ ಬಸ್ರೂರು ಒಂದು ಕಾಲಕ್ಕೆ ಅಕ್ಕಿ ರಫ್ತಿಗೆ ಹೆಸರಾದ ಬಂದರು. ವಿಜಯನಗರ ಕಾಲದ ಇಲ್ಲಿನ ಶಾಸನಗಳಲ್ಲಿ ಪಡುವಕೇರಿಯ ಹಲರು, ಮೂಡುಕೇರಿಯ ಸೆಟ್ಟಿಕಾರರು ಎಂಬ ವರ್ತಕರ ಕೂಟಗಳು ಕಾಣುತ್ತವೆ. ಅರಸರ ಅಧಿಕಾರಿ ಬಾರಕೂರಿನಲ್ಲಿದ್ದರೂ ಕೇರಿಯ ವ್ಯವಹಾರದಲ್ಲಿ ಈ ಕೂಟಗಳ ಮಾತಿಗೆ ತೂಕವಿತ್ತು. ನಾಟಿ ಮಾಡಿದವರು, ದೋಣಿಗೆ ಅಕ್ಕಿ ಮುಡಿ ಹೊತ್ತವರು ಇಲ್ಲದಿದ್ದರೆ ಆ ವ್ಯಾಪಾರವೇ ಇಲ್ಲ. ಆದರೂ ಕೂಟದ ಹೆಸರು ವರ್ತಕರದೇ.

ಹಲವರು ಸೇರಿ ದುಡಿದಲ್ಲಿ ಯಾರ ಮಾತು ನಡೆಯಬೇಕು? ಮುಕ್ತ ತಂತ್ರಾಂಶ ಕಟ್ಟುವವರನ್ನೂ ಈ ಪ್ರಶ್ನೆ ಬಿಡಲಿಲ್ಲ. 1993ರಲ್ಲಿ ಹುಟ್ಟಿದ ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಸಮುದಾಯ 1998ರಲ್ಲಿ ತನಗೊಂದು ಸಂವಿಧಾನ ಬರೆದುಕೊಂಡಿತು. ನಾಯಕನನ್ನು ವರ್ಷಕ್ಕೊಮ್ಮೆ ಮತ ಹಾಕಿ ಆರಿಸುತ್ತಾರೆ. ಮತವಿದ್ದದ್ದು ಡೆವಲಪರ್‌ಗಳಿಗೆ, ಅಂದರೆ ಬಹುಮಟ್ಟಿಗೆ ತಂತ್ರಾಂಶದ ಪ್ಯಾಕೇಜು ನೋಡಿಕೊಳ್ಳುವವರಿಗೆ.

ಆದರೆ ಪ್ಯಾಕೇಜಿನ ಆಚೆಗೂ ದುಡಿಮೆ ಇದೆ. ನಮ್ಮವರೊಬ್ಬರು ಪರದೆಯ ಮೇಲೆ ಕನ್ನಡ ಓದುತ್ತಿದ್ದಾರೆ ಅನ್ನಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿದೆ. ಅವರು ಚಿತ್ರ ತೆಗೆದು, ಯಾವ ಅಕ್ಷರ, ಯಾವ ಫಾಂಟು, ಯಾವಾಗ ಹೀಗಾಗುತ್ತದೆ ಎಂದು ಬಿಡಿಸಿ ಬರೆದು ಕಳಿಸುತ್ತಾರೆ. ಎಲ್ಲೋ ಕುಳಿತ ಪ್ರೋಗ್ರಾಮರ್ ಎರಡು ಸಾಲು ತಿದ್ದುತ್ತಾನೆ. ದಾಖಲೆಯಲ್ಲಿ ಉಳಿಯುವುದು ಆ ಎರಡು ಸಾಲು. ಕನ್ನಡ ಬಲ್ಲ ಕಣ್ಣಿಲ್ಲದೆ ಆ ತಪ್ಪು ಸಿಗುತ್ತಲೇ ಇರಲಿಲ್ಲ!

2010ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ, ಅನುವಾದ, ಕೈಪಿಡಿಯಂಥ ಕೆಲಸ ಮಾಡುವವರನ್ನೂ ಪೂರ್ಣ ಸದಸ್ಯರೆಂದು ಒಪ್ಪಿದರು. ಪ್ಯಾಕೇಜು ಏರಿಸುವ ಅಧಿಕಾರ ಅವರಿಗಿಲ್ಲ, ಮತ ಮಾತ್ರ ಉಂಟು. ಉಗ್ರಾಣದ ಬೀಗದಕೈ ಬೇರೆ, ಸಭೆಯ ಮಾತು ಬೇರೆ ಎಂದು ಬಿಡಿಸಿ ಕಂಡದ್ದು ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ.

ವಿಕಿಪೀಡಿಯದ ದಾರಿ ಬೇರೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ತುಳುವಿನದು 2016ರಲ್ಲಿ ಬಂತು. ಇವುಗಳನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ಮಂಡಳಿಗೆ 2021ರಲ್ಲಿ ಚುನಾವಣೆ ನಡೆದಾಗ, ಸಂಪಾದಕರಾಗಿ ಮತ ಹಾಕಲು ಒಟ್ಟು 300 ಸಂಪಾದನೆ, ಹಿಂದಿನ ಆರು ತಿಂಗಳಲ್ಲಿ 20 ಬೇಕಿತ್ತು. ಎಣಿಕೆಯಲ್ಲಿ ಪಕ್ಷಪಾತವಿಲ್ಲ, ನಿಜ. ಆದರೆ ಬಸ್ರೂರಿನ ಶಾಸನಗಳನ್ನು ತಿಂಗಳುಗಟ್ಟಲೆ ಓದಿ, ಬರೆದ ಲೇಖನವನ್ನು ಒಂದೇ ಸಲ ಉಳಿಸಿದರೆ ಲೆಕ್ಕಕ್ಕೆ ಒಂದು. ಅಲ್ಪವಿರಾಮ ತಿದ್ದಿದರೂ ಒಂದು.

ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಗ್ನೋಮ್ ಸಮುದಾಯದ ಫೌಂಡೇಶನ್ನಿನ ಕ್ರಮ ನನಗೆ ಹೆಚ್ಚು ಒಪ್ಪುತ್ತದೆ. ಅಲ್ಲಿ ಅರ್ಜಿದಾರರು ಮಾಡಿದ ಕೆಲಸವನ್ನು ವಿವರಿಸಬೇಕು, ಅದನ್ನು ಬಲ್ಲವರ ಹೆಸರು ಕೊಡಬೇಕು. ಅನುವಾದವೂ ಅಲ್ಲಿ ಕೆಲಸವೇ. ಸದಸ್ಯತ್ವ ಎರಡು ವರ್ಷಕ್ಕೆ ಮುಗಿಯುತ್ತದೆ. ಕೆಲಸ ಮುಂದುವರಿಸಿದವರು ನವೀಕರಿಸಿಕೊಳ್ಳುತ್ತಾರೆ.