ಗಣಕದ ಕಾವಲುಗಾರನ ಓದು

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಬೆಲೆ ಏರಿಕೆ ಇವುಗಳನ್ನು ಕುರಿತು ಈ ವೇದಿಕೆಯಿಂದ ತಾವು ಬಹಳ ಭಾಷಣಗಳನ್ನು ಕೇಳಿದ್ದೀರಿ. ಇಂದು ನನಗೆ ಒಪ್ಪಿಸಿರುವ ವಿಷಯ ಬೇರೆ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನೌಕರನೊಬ್ಬನು ಕೆಲಸ ಬಿಡದೆ ಪದವಿ ಮುಗಿಸುವುದೆಂದರೆ ಏನು ಎಂಬುದನ್ನು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದ್ದಾರೆ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವನು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಬಿ.ಸಿ.ಎ. ಪದವಿಗೆ ಓದುತ್ತಿದ್ದೇನೆ. ಇನ್ನು ಎರಡು ಪತ್ರಿಕೆ ಉಳಿದಿವೆ.

ಹುದ್ದೆಯ ಹೆಸರು ದೊಡ್ಡದು; ಕೆಲಸ ಮಾತ್ರ ತಮಗೆ ಪರಿಚಯವಾದದ್ದೇ. ಗಿರಣಿಯಲ್ಲಿ ಬಟ್ಟೆ ನೇಯುವವರು ನೂರಾರು ಜನ. ಮೋಟಾರು, ಬೆಲ್ಟು ಸರಿಯಾಗಿರುವಂತೆ ನೋಡುವ ಫಿಟ್ಟರು ಒಂದು ಗಜ ಬಟ್ಟೆಯನ್ನೂ ನೇಯುವುದಿಲ್ಲ. ಆದರೆ ಅವನಿಲ್ಲದೆ ಒಂದು ಗಜವೂ ಹೊರಬರುವುದಿಲ್ಲ. ನಮ್ಮದೂ ಹಾಗೆಯೇ. ಕಂಪನಿಯ ಲೆಕ್ಕ, ಸಂಬಳದ ಪಟ್ಟಿ, ಗಿರಾಕಿಗಳ ಖಾತೆ ಎಲ್ಲವೂ ಸರ್ವರ್ ಎಂಬ ದೊಡ್ಡ ಯಂತ್ರಗಳಲ್ಲಿರುತ್ತವೆ. ಅವು ಹಗಲೂ ರಾತ್ರಿಯೂ ಓಡುತ್ತಿರಬೇಕು. ಅವನ್ನು ಓಡಿಸುವವರು ನಾವು.

ಅಂಗಡಿ ಇಟ್ಟಿರುವ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2025ರ ಏಪ್ರಿಲ್ 12ರಂದು ಯು.ಪಿ.ಐ. ಕೆಲವು ಗಂಟೆಗಳ ಕಾಲ ಕೈಕೊಟ್ಟಿತು. ಸಾಮಾನು ಕಟ್ಟಿಕೊಟ್ಟಾಗಿದೆ, ಹಣ ಬಂದಿಲ್ಲ, ಗಿರಾಕಿ ಎದುರಿಗೆ ನಿಂತಿದ್ದಾನೆ! ಆ ಹೊತ್ತಿನಲ್ಲಿ ಎಲ್ಲಿಯೋ ಒಂದು ಕೋಣೆಯಲ್ಲಿ ನಮ್ಮಂಥವರು ಊಟ ನಿದ್ದೆ ಬಿಟ್ಟು ದುಡಿಯುತ್ತಿದ್ದರೆಂಬುದನ್ನು ನೆನೆದವರು ಎಷ್ಟು ಜನ? ಯಂತ್ರ ನಡೆದಾಗ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಂತಾಗ ಎಲ್ಲರ ಕಣ್ಣಿಗೂ ಬೀಳುತ್ತೇವೆ.

ನನ್ನ ದಿನ ಹೀಗೆ ಸಾಗುತ್ತದೆ. ಪಾಳಿಗೆ ಹೋದೊಡನೆ ಹಿಂದಿನ ಪಾಳಿಯವರು ಬರೆದಿಟ್ಟದ್ದನ್ನು ಓದಬೇಕು. ರಾತ್ರಿ ತೆಗೆದ ಬ್ಯಾಕಪ್, ಅಂದರೆ ದಾಖಲೆಗಳ ನಕಲು, ಪೂರ್ತಿಯಾಗಿದೆಯೆ ಎಂದು ನೋಡಬೇಕು. ಯಾವ ಡಿಸ್ಕು ತುಂಬುತ್ತ ಬಂದಿದೆ, ಯಾವ ಯಂತ್ರ ಕಾವೇರಿದೆ, ಯು.ಪಿ.ಎಸ್. ಬ್ಯಾಟರಿ ಹೇಗಿದೆ ಎಂದು ವಿಚಾರಿಸಬೇಕು. ಪಾಸ್‌ವರ್ಡ್ ಮರೆತವರಿಗೆ ಹೊಸದನ್ನು ಕೊಡಬೇಕು. ಯಂತ್ರ ನಿಲ್ಲಿಸಿ ಮಾಡುವ ದುರಸ್ತಿಯೆಲ್ಲ ಶನಿವಾರ ನಡುರಾತ್ರಿ ಆಗಬೇಕು, ಏಕೆಂದರೆ ಆಗ ಮಾಲೀಕರಿಗೆ ನಷ್ಟವಿಲ್ಲ.

ಪಾಳಿ ಮುಗಿದರೂ ಕೆಲಸ ಮುಗಿಯುವುದಿಲ್ಲ. 'ಆನ್ ಕಾಲ್' ಎಂಬ ಪದ್ಧತಿಯಿದೆ. ತಿಂಗಳಲ್ಲಿ ಒಂದು ವಾರ ಫೋನನ್ನು ದಿಂಬಿನ ಪಕ್ಕದಲ್ಲಿಟ್ಟು ಮಲಗಬೇಕು. ಅದು ಕೂಗಿದರೆ ಏಳಬೇಕು. ವರ್ಷದಲ್ಲಿ ನೂರಕ್ಕೆ 99.99ರಷ್ಟು ಕಾಲ ಯಂತ್ರ ನಡೆಯುತ್ತದೆಂದು ಕಂಪನಿಗಳು ಗಿರಾಕಿಗೆ ಮಾತು ಕೊಡುವುದುಂಟು. ಲೆಕ್ಕ ಹಾಕಿ ನೋಡಿ: ವರ್ಷವಿಡೀ ಸೇರಿ ಯಂತ್ರ ನಿಲ್ಲಬಹುದಾದದ್ದು ಸುಮಾರು 52 ನಿಮಿಷ. ಮಾತು ಕೊಡುವವರು ಕಂಪನಿಯವರು. ಅದನ್ನು ಉಳಿಸಿಕೊಡುವುದು ನೌಕರನ ನಿದ್ದೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿ ಕಳಿಸಿದ ದೋಷಪೂರಿತ ಕಡತದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿ ಕೊಟ್ಟರು. ಎಷ್ಟೋ ಕಡೆ ನೌಕರರು ಒಂದೊಂದು ಯಂತ್ರದ ಮುಂದೆಯೂ ಕುಳಿತು ಆ ಕಡತವನ್ನು ಅಳಿಸಬೇಕಾಯಿತು. ಎಲ್ಲವೂ ತನ್ನಿಂದ ತಾನೇ ನಡೆಯುತ್ತದೆ ಎನ್ನುವವರಿಗೆ ಅಂದು ಕೈಗಳ ಬೆಲೆ ತಿಳಿಯಿತು.

ಈ ದುಡಿಮೆಯ ನಡುವೆ ಓದು. 1985ರಲ್ಲಿ ಸ್ಥಾಪನೆಯಾದ ನಮ್ಮ ವಿಶ್ವವಿದ್ಯಾಲಯದಲ್ಲಿ ದಿನವೂ ತರಗತಿಗೆ ಹೋಗಬೇಕಾಗಿಲ್ಲ. ಬಿ.ಸಿ.ಎ.ಯನ್ನು 3 ವರ್ಷದಲ್ಲಿ ಮುಗಿಸಬಹುದು, 6 ವರ್ಷದವರೆಗೂ ಎಳೆಯಬಹುದು. ನಾನು ಐದನೆಯ ವರ್ಷದಲ್ಲಿದ್ದೇನೆ. ಪ್ರತಿಯೊಂದು ವಿಷಯಕ್ಕೂ ಕೈಬರಹದಲ್ಲಿ ಉತ್ತರಗಳನ್ನು ಬರೆದು ಒಪ್ಪಿಸಬೇಕು. ಹಗಲೆಲ್ಲ ಕೀಲಿಮಣೆ ಒತ್ತುವ ಬೆರಳುಗಳಿಗೆ ಲೇಖನಿ ಹಿಡಿಯುವುದೇ ಶಿಕ್ಷೆ! ಬಸ್ಸಿನಲ್ಲಿ ಓದುತ್ತೇನೆ, ಬೆಳಗಿನ ಜಾವ ಬರೆಯುತ್ತೇನೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ.

"ಕೆಲಸ ಬರುತ್ತದಲ್ಲ, ಕಾಗದ ಏತಕ್ಕೆ?" ಎಂದು ಕೇಳುವವರಿದ್ದಾರೆ. ಎರಡು ಕಾರಣಗಳಿವೆ. ಮೊದಲನೆಯದು ಹೊಟ್ಟೆಯದು. ನಾನು ಕೆಲಸ ಕಲಿಸಿದ ಹುಡುಗ ಪದವಿ ಇದ್ದುದರಿಂದ ನನ್ನ ಮೇಲಿನ ಹುದ್ದೆಗೆ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ, ನಿಯಮ ಹಾಗಿದೆ. ಎರಡನೆಯದು ತಿಳಿವಳಿಕೆಯದು. ನಮ್ಮಲ್ಲಿ ಒಂದು ಯಂತ್ರ ಆಗಾಗ ಸುಮ್ಮನೆ ನಿಂತುಬಿಡುತ್ತಿತ್ತು. ಆರಿಸಿ ಮತ್ತೆ ಹಚ್ಚುತ್ತಿದ್ದೆವು, ನಡೆಯುತ್ತಿತ್ತು. ಪಠ್ಯದಲ್ಲಿ 'ಡೆಡ್‌ಲಾಕ್' ಎಂಬ ಪಾಠ ಬಂತು. ಒಬ್ಬನ ಕೈಯಲ್ಲಿ ಸ್ಪ್ಯಾನರು, ಇನ್ನೊಬ್ಬನ ಕೈಯಲ್ಲಿ ಸುತ್ತಿಗೆ; ಇಬ್ಬರಿಗೂ ಎರಡೂ ಬೇಕು; ಯಾರೂ ಬಿಡುವುದಿಲ್ಲ; ಕೆಲಸ ನಿಂತಿತು. ಎಲ್ಲರೂ ಮೊದಲು ಸ್ಪ್ಯಾನರು, ಆಮೇಲೆ ಸುತ್ತಿಗೆ ಎಂಬ ಒಂದೇ ಕ್ರಮದಲ್ಲಿ ತೆಗೆದುಕೊಂಡರೆ ಈ ತೊಡಕು ಬಾರದು. ಕೈಗೆ ಗೊತ್ತಿದ್ದ ರೋಗಕ್ಕೆ ಪುಸ್ತಕ ಕಾರಣವನ್ನು ಹೇಳಿಕೊಟ್ಟಿತು. ಕಾರಣ ತಿಳಿದ ಕೆಲಸಗಾರನನ್ನು ಹೆದರಿಸುವುದು ಕಷ್ಟ.

ತಡವಾಗಿ ಓದುವುದು ನಾಚಿಕೆಯ ಮಾತಲ್ಲ. ಜಗತ್ತಿನ ಬಹುಪಾಲು ಸರ್ವರುಗಳನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯನ್ನು 1991ರಲ್ಲಿ ಆರಂಭಿಸಿದವನು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. 1988ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯ ಸೇರಿದ ಆತ ಸ್ನಾತಕೋತ್ತರ ಪದವಿ ಪಡೆದು ಹೊರಬಂದದ್ದು 1996ರಲ್ಲಿ.

ಆದರೆ ಓದುವವನಿಗೆ ಹೊತ್ತು ಬೇಕು. ಹೋದ ಡಿಸೆಂಬರಿನಲ್ಲಿ ಪರೀಕ್ಷೆಗೆ ಎರಡು ದಿನ ರಜೆ ಕೇಳಿದೆ. "ಅದು ನಿಮ್ಮ ಸ್ವಂತ ವಿಷಯ" ಎಂದರು ಮೇಲಿನವರು. ನನ್ನ ಜೊತೆಯವರೊಬ್ಬರು ತಮ್ಮ ಪಾಳಿ ಮುಗಿಸಿ ನನ್ನದನ್ನೂ ಹೊತ್ತರು. ಅವರು ಹದಿನಾರು ಗಂಟೆ ಎಚ್ಚರವಿದ್ದುದರಿಂದ ನಾನು ಮೂರು ಗಂಟೆ ಉತ್ತರ ಬರೆದೆ. ಸ್ನೇಹ ದೊಡ್ಡದು, ನಿಜ. ಆದರೆ ಒಬ್ಬ ಕಾರ್ಮಿಕನ ಓದು ಇನ್ನೊಬ್ಬ ಕಾರ್ಮಿಕನ ಬೆನ್ನಿನ ಮೇಲೆ ನಡೆಯಬೇಕೆ?

ಇದು ಸ್ವಂತ ವಿಷಯವಲ್ಲವೆಂದು ಜಗತ್ತು ಎಂದೋ ಒಪ್ಪಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1974ರಲ್ಲಿ, ಕೆಲಸಗಾರರಿಗೆ ಓದಿಗಾಗಿ ಸಂಬಳಸಹಿತ ರಜೆ ದೊರೆಯಬೇಕೆಂದು 140ನೆಯ ಒಪ್ಪಂದವನ್ನು ಅಂಗೀಕರಿಸಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಸಹಿ ಹಾಕುವುದಿರಲಿ, 2024ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಈ ಉದ್ಯಮದ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಸಲಹೆ ಬಂತು. ನೌಕರರ ಸಂಘ ಅದನ್ನು ವಿರೋಧಿಸಿ ಬೀದಿಗಿಳಿಯಿತು. 14 ಗಂಟೆ ದುಡಿದು, ಎರಡು ಗಂಟೆ ಬಸ್ಸಿನಲ್ಲಿ ಕಳೆದವನಿಗೆ ನಿದ್ದೆಗೆ ಉಳಿಯುವುದು ಎಂಟೇ ಗಂಟೆ. ಊಟ ಯಾವಾಗ, ಮಕ್ಕಳ ಮುಖ ನೋಡುವುದು ಯಾವಾಗ, ಪುಸ್ತಕ ತೆರೆಯುವುದು ಯಾವಾಗ?

ಆದುದರಿಂದ ನನ್ನ ಬಿನ್ನಹ ಮೂರು. ಕಾರ್ಮಿಕ ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಪರೀಕ್ಷೆಯ ದಿನಗಳಿಗೆ ಸಂಬಳಸಹಿತ ರಜೆ ಎಂಬ ಒಂದು ಸಾಲನ್ನು ಸೇರಿಸಲಿ. ವರ್ತಕ ಮಿತ್ರರು ತಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಅಥವಾ ಹುಡುಗಿ ಪರೀಕ್ಷೆಗೆ ಕಟ್ಟಿದ್ದರೆ ಆ ದಿನ ಬಿಟ್ಟುಕೊಟ್ಟು ಕೂಲಿ ಹಿಡಿಯದಿರಲಿ. ಮಾಲೀಕರಿಗೆ ಹೇಳುವ ಧರ್ಮ ನಮಗೂ ಅನ್ವಯಿಸಬೇಕಲ್ಲವೆ? ಮತ್ತು ಈ ವಾಚನಾಲಯ ರಾತ್ರಿ ಎಂಟಕ್ಕೆ ಮುಚ್ಚುವ ಬದಲು ಎರಡನೆಯ ಪಾಳಿ ಬಿಟ್ಟು ಬರುವವರಿಗೂ ತೆರೆದಿರಲಿ. ದೀಪದ ಖರ್ಚಿಗೆ ನನ್ನ ಪಾಲಿನ ವಂತಿಗೆಯನ್ನು ಈಗಲೇ ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ.