ಯೋಧರ ಪಿಂಚಣಿ: ನಿರಾಕರಣೆಯೇ ಕೊನೆಯಲ್ಲ



ಸೈನ್ಯಕ್ಕೆ ಸೇರುವ ತರುಣರನ್ನು ವೈದ್ಯರು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, ದೋಷವಿದ್ದರೆ ಬರೆದಿಡುತ್ತಾರೆ. ಆ ದಾಖಲೆಯ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ.

1985ರಲ್ಲಿ ಭೂಸೇನೆಯ ಸಿಗ್ನಲ್ಸ್ ದಳಕ್ಕೆ ಸೇರಿದ ಯೋಧರೊಬ್ಬರಿಗೆ ಸೇವೆಯಲ್ಲಿದ್ದಾಗ ಅಪಸ್ಮಾರ ಕಾಣಿಸಿಕೊಂಡಿತು. 1994ರಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಅಂಗವೈಕಲ್ಯ ಶೇಕಡಾ 20. ಅಂಗವೈಕಲ್ಯ ಪಿಂಚಣಿಗೆ ಬೇಕಾದ ಕನಿಷ್ಠ ಪ್ರಮಾಣವೂ ಅಷ್ಟೇ. ಆದರೆ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಕೀಯ ಮಂಡಳಿ ಹೇಳಿತು. ಪಿಂಚಣಿ ನಿರಾಕರಿಸಲ್ಪಟ್ಟಿತು.

ಅವರು ಸುಮ್ಮನಾಗಲಿಲ್ಲ. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದರು. ವಿಭಾಗೀಯ ಪೀಠದಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 2013ರ ಜುಲೈ 2ರಂದು ತೀರ್ಪು ಅವರ ಪರವಾಗಿ ಬಂದಿತು. ಸೇರುವಾಗ ದಾಖಲೆಯಲ್ಲಿಲ್ಲದ ಕಾಯಿಲೆ ಸೇವೆಯಿಂದ ಬಂದಿತೆಂದೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು. ಸಂದೇಹದ ಲಾಭ ಯೋಧನಿಗೆ. ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣ ಬರೆಯಲೇಬೇಕು. ಇದು ಅಂದಿನ ನಿಯಮಗಳಿಗೆ ನ್ಯಾಯಾಲಯ ನೀಡಿದ ಅರ್ಥ.

2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದಿವೆ. ಆದ್ದರಿಂದ ತಮಗೆ ಯಾವ ನಿಯಮ ಅನ್ವಯಿಸುತ್ತದೆಂಬುದನ್ನು ಮೊದಲು ತಿಳಿಯಬೇಕು. ಅನಂತರ ಮಂಡಳಿಯ ವರದಿಯ ಪ್ರತಿ ಪಡೆದು ಮೇಲ್ಮನವಿ ಸಲ್ಲಿಸಬೇಕು. ಅದೂ ಫಲಿಸದಿದ್ದರೆ 2007ರ ಕಾಯಿದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ.

ನಿಮ್ಮ ಊರಿನ ಮಾಜಿ ಯೋಧರಿಗೆ ಇಂಥ ಪತ್ರ ಬಂದಿದ್ದರೆ, ಅದರಲ್ಲಿ ಕಾರಣ ಬರೆದಿದೆಯೇ ಎಂದು ಓದಿ ಹೇಳಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಜೊತೆಯಲ್ಲಿ ಹೋಗಿ. ಗಡಿ ಕಾಯ್ದವರಿಗೆ ಅಕ್ಷರ ಕಲಿತವರು ಸಲ್ಲಿಸಬಹುದಾದ ಸೇವೆ ಇದು.